‘ಉಣತೀನವ್ವಾ, ಹಟಾ ಮಾಡಂಗಿಲ್ಲ’: ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುವ ಒಂದು ಕೂಸಿನ ಪ್ರಕರಣ

ಕೂಸಿಗೆ ಮೂರು ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ಚಾದರದಲ್ಲಿ ಬಿಗಿಯಾಗಿ ಸುತ್ತಿ ಟೇಬಲ್ ಮೇಲೆ ಮಲಗಿಸಿದ್ದೆವು. ಆಯಾ ಎರಡೂ ಕಾಲು ಹಿಡಿದಿದ್ದಳು. ತಾಯಿ ಭುಜದ ಮೇಲೆ ಭಾರ ಹಾಕಿ, ತಲೆ ಅಲುಗದಂತೆ ಒತ್ತಿಕೊಂಡಿದ್ದಳು. ಎಡಗೈ ನನ್ನ ಹಿಡಿತದಲ್ಲಿತ್ತು. ಮೂರು ಸಲ ಚುಚ್ಚಿಯಾಗಿತ್ತು, ನರ ಸಿಕ್ಕಿರಲಿಲ್ಲ. ನಾಲ್ಕನೆಯದಕ್ಕೆ ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದಾಗ ಕೂಸು ಚೀರುವುದನ್ನು ನಿಲ್ಲಿಸಿತು. ಬಿಕ್ಕುತ್ತ ತಾಯಿಯ ಮುಖ ನೋಡಿ ಹೇಳಿತು: "ಯವ್ವಾ, ಉಣತೀನವ್ವಾ. ರೊಟ್ಟಿ ಉಣತೀನಿ. ಇನ್ನ ಹಟಾ ಮಾಡಂಗಿಲ್ಲ."

ತಾಯಿ ಕೈ ಬಿಟ್ಟಳು. ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ನಾನು ನಾಲ್ಕನೆಯ ಸಲ ಚುಚ್ಚಿದೆ, ನರ ಸಿಕ್ಕಿತು, ಪಟ್ಟಿ ಅಂಟಿಸಿದೆ, ಮುಂದಿನ ಮಗುವಿನ ಕಡೆ ಹೋದೆ. ಆ ಮಾತು ಮಾತ್ರ ಸಂಜೆ ಡ್ಯೂಟಿ ಮುಗಿದರೂ ನನ್ನನ್ನು ಬಿಡಲಿಲ್ಲ. ತನಗೆ ಔಷಧೋಪಚಾರ ನಡೆಯುತ್ತಿದೆ ಎಂಬುದು ಆ ಕೂಸಿಗೆ ಗೊತ್ತೇ ಇರಲಿಲ್ಲ. ರೊಟ್ಟಿ ಉಣ್ಣದ ತಪ್ಪಿಗೆ ತಿಂಗಳಿಗೊಮ್ಮೆ ಶಿಕ್ಷೆ ಆಗುತ್ತಿದೆ ಎಂದು ಅದು ತಿಳಿದುಕೊಂಡಿತ್ತು.

ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸಿಸ್ಟರ್. ಈ ಕೂಸಿನ ಎರಡು ವರ್ಷದ ಕಥೆಯನ್ನು ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅಜ್ಜಿ ಕರೆಯುತ್ತಿದ್ದ ಹಾಗೆ ‘ಕೂಸು’ ಎಂದೇ ಬರೆಯುತ್ತೇನೆ. ಪದೇ ಪದೇ ಸೂಜಿಗೆ ಕೈ ಒಡ್ಡಬೇಕಾದ ಮಕ್ಕಳ ತಾಯಿತಂದೆ ಇದನ್ನು ಓದಲಿ ಎಂಬುದು ನನ್ನ ಆಸೆ. ನನ್ನಂಥ ಸಿಸ್ಟರ್‌ಗಳು ಓದಿದರೆ ಇನ್ನೂ ಒಳ್ಳೆಯದು.

ಮನೆ ಮತ್ತು ಬ್ಯಾನಿ

ಗುಳೇದಗುಡ್ಡದ ನೇಕಾರರ ಮನೆ. ಕುಪ್ಪಸದ ಖಣ ನೇಯುವ ಕುಣಿಮಗ್ಗ. ತಂದೆ ಮಗ್ಗದ ಮೇಲೆ, ತಾಯಿ ಕಂಡಿಕಿ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತಲು. ತಂದೆ ತಾಯಿಗೆ ಸ್ವಾದರಮಾವ, ಅಂದರೆ ಹೆತ್ತವ್ವನ ತಮ್ಮ. ಹೀಗಾಗಿ ಮನೆಯ ಹಿರಿಯಳು ತಾಯಿಗೆ ಅತ್ತೆಯೂ ಹೌದು, ಹುಟ್ಟಿದಾಗಿನಿಂದ ‘ಅಮ್ಮ’ ಎಂದು ಕರೆಯುವ ಅಜ್ಜಿಯೂ ಹೌದು. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ.

ಕೂಸು ಎಂಟು ತಿಂಗಳಿದ್ದಾಗ ಬಿಳಚಿಕೊಂಡಿತು. ಹಾಲು ಕುಡಿಯುತ್ತ ಕುಡಿಯುತ್ತ ದಣಿದು ಬಿಡುತ್ತಿತ್ತು, ಎಡಪಕ್ಕೆಯ ಕೆಳಗೆ ಹೊಟ್ಟೆ ಉಬ್ಬಿತ್ತು. ರಕ್ತ ಕಡಿಮೆ ಎಂದು ಯಾರೋ ಕಬ್ಬಿಣಾಂಶದ ಟಾನಿಕ್ ಕೊಟ್ಟರು, ಎರಡು ತಿಂಗಳು ಕುಡಿಸಿದರು. ನಮ್ಮಲ್ಲಿಗೆ ಬಂದಾಗ ಹಿಮೋಗ್ಲೋಬಿನ್ 4ರ ಆಸುಪಾಸಿನಲ್ಲಿತ್ತು. ರಕ್ತ ಹಾಕುವ ಮೊದಲೇ ವೈದ್ಯರು, ರಕ್ತದಲ್ಲಿ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ರಕ್ತ ತೆಗೆಸಿದರು. ಹೊರಗಿನ ರಕ್ತ ಸೇರಿದ ಮೇಲೆ ಆ ಪರೀಕ್ಷೆ ದಾರಿ ತಪ್ಪಿಸುತ್ತದೆ, ಆದ್ದರಿಂದ ಈ ಕ್ರಮ ದೊಡ್ಡದು. ಫಲಿತಾಂಶ ಬೀಟಾ ಥಲಸ್ಸೀಮಿಯಾ ಮೇಜರ್. ತಾಯಿತಂದೆ ಇಬ್ಬರೂ ವಾಹಕರು, ಅಂದರೆ ಬ್ಯಾನಿ ಇಲ್ಲದೆಯೂ ಅದರ ಗುಣವನ್ನು ರಕ್ತದಲ್ಲಿ ಹೊತ್ತವರು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ, ತಿಳಿದಿರುವ ಸಂಭವವೂ ಇರಲಿಲ್ಲ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಈ ಬ್ಯಾನಿ ಬರುವ ಸಾಧ್ಯತೆ ಇರುತ್ತದೆ. ಸಂಬಂಧದಲ್ಲಿ ಲಗ್ನವಾದರೆ ಇಬ್ಬರೂ ವಾಹಕರಾಗಿರುವ ಅಪಾಯ ಹೆಚ್ಚು. ಆದರೆ ಸಂಬಂಧವೇ ಇಲ್ಲದ ಮನೆಗಳಲ್ಲೂ ಈ ಮಕ್ಕಳು ಹುಟ್ಟುತ್ತಾರೆ. ನಮ್ಮ ವಾರ್ಡಿಗೂ ಬರುತ್ತಾರೆ.

ಈ ಮಕ್ಕಳ ದೇಹ ತಾನೇ ಸರಿಯಾದ ಕೆಂಪುರಕ್ತ ಕಟ್ಟಲಾರದು. ಎರಡರಿಂದ ಐದು ವಾರಕ್ಕೊಮ್ಮೆ ಬೇರೆಯವರ ರಕ್ತ ಬೇಕು, ಅದೂ ಜೀವಮಾನವಿಡೀ. ರಕ್ತ ಹಾಕುವ ಮುಂಚಿನ ಹಿಮೋಗ್ಲೋಬಿನ್ 9ರಿಂದ 10.5ರ ಒಳಗೆ ಇರುವಂತೆ ನೋಡಿಕೊಂಡರೆ ಎಲುಬು ಹಿಗ್ಗುವುದಿಲ್ಲ, ಎಡಪಕ್ಕೆಯೊಳಗಿನ ಗುಲ್ಮ ಊದುವುದು ತಗ್ಗುತ್ತದೆ, ಮಗು ಬೇರೆ ಮಕ್ಕಳ ಹಾಗೆ ಬೆಳೆಯುತ್ತದೆ. ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಲೀಟರ್ ಕೆಂಪುಕಣ, ಮೂರರಿಂದ ನಾಲ್ಕು ತಾಸು. ಇದು ಲೆಕ್ಕ. ಲೆಕ್ಕದಲ್ಲಿ ಕಾಣದ್ದು ಸೂಜಿ. ಹತ್ತು ತಿಂಗಳಿಗೆ ಶುರುವಾದ ಈ ಕೂಸು ಮೂರು ವರ್ಷದ ಹೊತ್ತಿಗೆ ಇಪ್ಪತ್ತೈದಕ್ಕೂ ಹೆಚ್ಚು ಸಲ ಬಂದಿತ್ತು. ಒಂದೊಂದು ಸಲಕ್ಕೂ ಎರಡು ಕೆಲಸ: ರಕ್ತ ಹೊಂದಿಸಿ ನೋಡಲು ಮೊದಲು ಸ್ಯಾಂಪಲ್, ಆಮೇಲೆ ಕ್ಯಾನುಲಾ, ಅಂದರೆ ರಕ್ತ ಹನಿಸಲು ನರದಲ್ಲಿ ಕೂರಿಸುವ ಪುಟ್ಟ ನಳಿಕೆ. ಗುಂಡು ಗುಂಡಾದ ಪುಟ್ಟ ಕೈಯಲ್ಲಿ ನರ ಮೇಲೆ ಕಾಣುವುದಿಲ್ಲ, ಚುಚ್ಚಿ ಚುಚ್ಚಿ ಇದ್ದವೂ ಗಟ್ಟಿಯಾಗಿರುತ್ತವೆ. ಹೀಗೆ ಒಂದು ಭೇಟಿಗೆ ನಾಲ್ಕೈದು ಚುಚ್ಚು ಆಗುತ್ತಿದ್ದುದುಂಟು.

ಮನೆಯಲ್ಲಿ ಏನಾಗಿತ್ತು

ಆ ದಿನ ರಕ್ತ ಇಳಿಯುತ್ತಿದ್ದ ನಾಲ್ಕು ತಾಸೂ ಕೂಸು ತಾಯಿಯ ಕಡೆ ತಿರುಗಲಿಲ್ಲ. ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ ಮಲಗಿತ್ತು. ಸಂಜೆ ತಾಯಿ ನನ್ನ ಹತ್ತಿರ ಬಂದು, "ನಾ ಹಿಡ್ಕೊಂಡಿದ್ದಕ್ಕ ಅಕಿ ನನ್ನ ಮಾರಿ ನೋಡವಲ್ಲಳ್ರಿ ಸಿಸ್ಟರ. ಮುಂದಿನ ಸಲ ನಾ ಒಳಗ ಬರಂಗಿಲ್ಲ, ನೀವ ಏನರ ಮಾಡ್ಕೋರಿ" ಅಂದಳು. ನಾನು ಅವಳನ್ನು ಕೂರಿಸಿಕೊಂಡು ರೊಟ್ಟಿಯ ಮಾತು ಎಲ್ಲಿಂದ ಬಂತು ಎಂದು ಕೇಳಿದೆ.

ಬಂದದ್ದು ಮನೆಯಿಂದಲೇ. ಉಣ್ಣಲು ಹಟ ಮಾಡಿದರೆ, "ಸುಮ್ನ ಉಣ್ಣು, ಇಲ್ಲಂದ್ರ ಸಿಸ್ಟರ್‌ಗೆ ಹೇಳಿ ಸೂಜಿ ಮಾಡಸ್ತೀನಿ." ಮಲಗದಿದ್ದರೂ ಅದೇ. ಓಣಿಯ ದೊಡ್ಡವರ ಬಾಯಲ್ಲೂ ಅದೇ. ನಮ್ಮ ಸೀಮೆಯಲ್ಲಿ ಈ ಮಾತು ಹೇಳದ ಮನೆ ಯಾವುದಿದೆ? ವರ್ಷಕ್ಕೊಮ್ಮೆ ಲಸಿಕೆಗೆ ಹೋಗುವ ಮಗುವಿಗೆ ಇದು ಬರೀ ಬೆದರಿಕೆ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಆದರೆ ಈ ಕೂಸಿಗೆ ಆ ಬೆದರಿಕೆ ಪ್ರತಿ ತಿಂಗಳೂ ನಿಜವಾಗುತ್ತಿತ್ತು. ಮೂರು ನಾಲ್ಕು ವರ್ಷದ ಮಕ್ಕಳು ತಮಗೆ ಆದ ಕೆಟ್ಟದ್ದೆಲ್ಲ ತಮ್ಮ ತಪ್ಪಿನಿಂದಲೇ ಆಯಿತು ಎಂದು ತಿಳಿಯುವ ವಯಸ್ಸಿನವರು. ನಾವು ದೊಡ್ಡವರೇ ಅದಕ್ಕೆ ಸಾಕ್ಷಿ ಒದಗಿಸಿಕೊಟ್ಟಿದ್ದೆವು.

ಎರಡನೆಯದು, ಸುಳ್ಳು. ಆಸ್ಪತ್ರೆಗೆ ಹೊರಡುವ ಮುಂಜಾನೆ "ಎಲ್ಲಿಗವ್ವಾ?" ಎಂದು ಕೂಸು ಕೇಳಿದರೆ, "ಬಾಗಲಕೋಟಿ ಸಂತಿಗೆ" ಎನ್ನುತ್ತಿದ್ದರು. ಗೇಟಿನ ಹತ್ತಿರ ಬಂದಾಗ "ಸೂಜಿ ಇಲ್ಲವ್ವಾ, ಬರೇ ನೋಡತಾರ." ಟೇಬಲ್ ಮೇಲೆ "ಆತು, ಆತು, ಮುಗೀತು", ಇನ್ನೂ ಶುರುವೇ ಆಗಿರದಾಗ. ಕೂಸಿನ ಸಂಕಟ ನೋಡಲಾರದೆ ಆಡಿದ ಮಾತು, ತಾಯಿಯ ಹೊಟ್ಟೆಯ ಮಾತು. ಅದರ ಫಲ ಏನಾಗಿತ್ತು ಎಂದರೆ, ಯಾವ ಬಸ್ಸನ್ನೂ ಕೂಸು ನಂಬದಂತಾಗಿತ್ತು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೊರಟರೆ ಬಸ್ ಹತ್ತಿದಾಗಿನಿಂದ ತೇರು ಕಾಣುವವರೆಗೂ ಅತ್ತಿತ್ತಂತೆ. ಹೊಸ ಅಂಗಿ ತೊಡಿಸಿದರೆ ಓಡಿಹೋಗಿ, ನೇಯುವಾಗ ಅಪ್ಪ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗೆ ಇಳಿದು ಕೂರುತ್ತಿತ್ತು. ರಾತ್ರಿ ಹಾಸಿಗೆ ಒದ್ದೆ ಮಾಡುವುದು ಬಿಟ್ಟು ಆರು ತಿಂಗಳಾಗಿತ್ತು, ಮತ್ತೆ ಶುರುವಾಗಿತ್ತು.

ಮೂರನೆಯದು ನಮ್ಮ ತಪ್ಪು, ಅದರಲ್ಲಿ ದೊಡ್ಡ ಪಾಲು ನನ್ನದು. "ಗಟ್ಟಿ ಹಿಡೀರಿ ತಾಯಿ, ನೀವ ಹಿಂಗ ಅತ್ತರ ಹೆಂಗ?" ಎಂದು ಪ್ರತಿ ಸಲ ಹೇಳುತ್ತಿದ್ದವಳು ನಾನೇ. ಜಗತ್ತಿನಲ್ಲಿ ಆ ಕೂಸಿಗೆ ಓಡಿಹೋಗಿ ಬಚ್ಚಿಟ್ಟುಕೊಳ್ಳಲು ಇದ್ದದ್ದು ಒಂದೇ ಜಾಗ, ತಾಯಿಯ ಮಡಿಲು. ಆ ತಾಯಿಯ ಕೈಯಿಂದಲೇ ಅದನ್ನು ಅಮುಕಿಸಿದ್ದೆವು. ಮಗುವನ್ನು ಅಂಗಾತ ಮಲಗಿಸಿ ಹಿಡಿದರೆ ಹೆದರಿಕೆ ಹೆಚ್ಚುತ್ತದೆ, ದೊಡ್ಡವರ ತೊಡೆಯ ಮೇಲೆ ಕೂತಾಗ ತಗ್ಗುತ್ತದೆ ಎಂಬುದು ನಮ್ಮ ತರಬೇತಿಯಲ್ಲಿ ಇಲ್ಲದ ಮಾತೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವು ತಗ್ಗಿಸುವ ಬಗ್ಗೆ ಹೊರಡಿಸಿದ ಪತ್ರದಲ್ಲೂ ತಾಯಿ ಎತ್ತಿಕೊಂಡಿರಲಿ, ಸುಳ್ಳು ಸಮಾಧಾನದ ಮಾತು ಬೇಡ ಎಂದೇ ಇದೆ. ಗೊತ್ತಿದ್ದೂ ಮಾಡುತ್ತಿರಲಿಲ್ಲ. ವಾರ್ಡಿನಲ್ಲಿ ಮೂವತ್ತು ಮಕ್ಕಳಿದ್ದಾಗ ಚಾದರ ಸುತ್ತುವುದೇ ಬೇಗ ಎನಿಸುತ್ತದೆ. ಬೇಗ ಆಗುತ್ತಿತ್ತೇ ಎಂದು ಗಡಿಯಾರ ನೋಡಿದವರು ಯಾರೂ ಇರಲಿಲ್ಲ. ಆ ದಿನದ್ದು ನಲವತ್ತು ನಿಮಿಷ ಹಿಡಿದಿತ್ತು.

ಗೂಟದ ಮೇಲಿನ ಚೀಲ

ಮೊದಲು ಹೇಳಿದ್ದು ಒಂದೇ ಮಾತು: ಸೂಜಿಯ ಹೆಸರಿನಲ್ಲಿ ಹೆದರಿಸುವುದು ಇವತ್ತಿಗೆ ನಿಲ್ಲಬೇಕು. ತಾಯಿ ತಲೆಯಾಡಿಸಿದಳು. ಅಜ್ಜಿ ಮಾತ್ರ ಕೇಳಿದಳು, "ಮತ್ತ ಉಣ್ಣದಿದ್ರ?" ಉಣ್ಣದಿದ್ದರೆ ಒಂದು ಹೊತ್ತು ಬಿಡಿ, ಹಸಿದಾಗ ಉಣ್ಣುತ್ತದೆ ಎಂದೆ. ಓಣಿಯಲ್ಲಿ ಮನೆ ಮನೆಗೆ ಹೋಗಿ ಹೇಳಿಬಂದವಳೂ ಆ ಅಜ್ಜಿಯೇ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಇದು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಯಾರೋ ಒಬ್ಬರು ಪ್ರೀತಿಯಿಂದಲೇ ಆ ಮಾತು ಆಡಿಬಿಡುತ್ತಿದ್ದರು. ಆಗ ತಾಯಿ ಕೂಸಿಗೆ ಕೇಳುವಂತೆ ಅವರಿಗೆ ಹೇಳಬೇಕಿತ್ತು: "ಸೂಜಿ ಹಟಾ ಮಾಡಿದ್ದಕ್ಕ ಅಲ್ರಿ. ರಕ್ತ ಕಮ್ಮಿ ಆಗತೈತಿ, ಅದಕ."

ಆಸ್ಪತ್ರೆಗೆ ಹೋಗುವ ವಿಷಯವನ್ನು ಕೂಸಿಗೆ ಯಾವಾಗ ಹೇಳುವುದು ಎಂಬುದರಲ್ಲಿ ಎರಡು ಸಲ ಎಡವಿದೆವು. ಹಿಂದಿನ ರಾತ್ರಿ ಹೇಳಿ ನೋಡಿದರು, ಕೂಸು ಮಲಗಲಿಲ್ಲ, ಮನೆಯವರೂ ಮಲಗಲಿಲ್ಲ. ಬಸ್ಸಿನಲ್ಲಿ ಹೇಳಿದರು, ಓಡಲು ಜಾಗವಿಲ್ಲದ ಕಡೆ ಹೇಳಿದ್ದಕ್ಕೆ ಅದು ಇನ್ನೂ ಹೆದರಿತು. ಈ ವಯಸ್ಸಿಗೆ ‘ನಾಳೆ’ ಎಂದರೆ ಎಷ್ಟು ದೂರ ಎಂದು ತಿಳಿಯದು. ದಾರಿ ತೋರಿಸಿದವಳು ಅಜ್ಜಿ. ಹಳೆಯ ಖಣದ ತುಂಡು ಜೋಡಿಸಿ ಒಂದು ಚೀಲ ಹೊಲಿದಳು. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಆ ಚೀಲ ಗೂಟದಿಂದ ಇಳಿಯುತ್ತದೆ. ಮುಂಜಾನೆ ಎದ್ದು ಚಹಾ ಕುಡಿದ ಮೇಲೆ ಕೂಸಿನ ಎದುರೇ ಇಳಿಸಿ, "ಇವತ್ತ ರಕ್ತದ ದಿನ" ಎನ್ನುವುದು. ಚೀಲ ಗೂಟದ ಮೇಲೆಯೇ ಇದ್ದರೆ ಆ ಬಸ್ಸು ಜಾತ್ರೆಗೋ, ಸಂತೆಗೋ, ಸೋದರತ್ತೆಯ ಊರಿಗೋ ಹೋಗುತ್ತದೆ. ಎರಡು ಮೂರು ತಿಂಗಳು ಕೂಸು ಪ್ರತಿದಿನ ಎದ್ದಕೂಡಲೇ ಗೂಟ ನೋಡುತ್ತಿತ್ತಂತೆ. ನೋಡಿ, ಆಟಕ್ಕೆ ಹೋಗುತ್ತಿತ್ತಂತೆ. ತಿಂಗಳಿನ ಮೂವತ್ತೂ ದಿನ ಹೆದರಿಕೊಂಡಿದ್ದ ಮಗುವಿಗೆ ಹೆದರಿಕೆ ಒಂದು ದಿನಕ್ಕೆ ಇಳಿದದ್ದು ಆ ಚೀಲದಿಂದ. ಇದನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ.

ರಕ್ತ ಯಾಕೆ ಎಂಬುದಕ್ಕೆ ಉತ್ತರ ಕೊಟ್ಟವನು ತಂದೆ. ಆತ ಆಸ್ಪತ್ರೆಗೆ ಬರುತ್ತಿದ್ದುದು ಕಡಿಮೆ. ಒಂದು ದಿನ ಮಗ್ಗ ನಿಂತರೆ ಆ ದಿನದ ಕೂಲಿ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅತ್ತೆ ಸೊಸೆಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚು ಇಲ್ಲ, ಆದ್ದರಿಂದ ಅವರಿಬ್ಬರೇ ಬರುತ್ತಿದ್ದರು. ನಿಜವಾದ ಕಾರಣ ಬೇರೆಯೂ ಇತ್ತು. ಆತ ಒಮ್ಮೆ ಬಂದಿದ್ದಾಗ ಬಾಗಿಲಲ್ಲೇ ತಲೆಸುತ್ತಿ ಕುಸಿದು ಕೂತಿದ್ದ, ಆ ನಾಚಿಕೆ ಹೋಗಿರಲಿಲ್ಲ. ಮನೆಯಲ್ಲಿ ಕೂಸು "ನಂಗ ಯಾಕ?" ಎಂದು ಕೇಳಿದಾಗ ಆತ ಲಾಳಿ ತೆಗೆದು ತೋರಿಸಿದನಂತೆ. "ನೋಡು, ಲಾಳಿಯೊಳಗ ಕಂಡಿಕಿ ತೀರಿದ್ರ ಮಗ್ಗ ನಿಲ್ಲತೈತಿ. ಹೊಸಾ ಕಂಡಿಕಿ ಹಾಕಿದ್ರ ಮತ್ತ ನಡೀತೈತಿ. ನಿನ್ನ ರಕ್ತನೂ ಲಗೂ ತೀರತೈತಿ. ಬ್ಯಾರೇದವರು ಕೊಟ್ಟದ್ದು ಹಾಕಿದ್ರ ನೀ ಮತ್ತ ಓಡತಿ." ಅವ್ವ ಕಂಡಿಕಿ ಸುತ್ತುವುದನ್ನು ದಿನವೂ ನೋಡುವ ಕೂಸಿಗೆ ಇದಕ್ಕಿಂತ ಸರಿಯಾದ ವಿವರಣೆ ಯಾವ ವೈದ್ಯರೂ ಕೊಡಲಾರರು.

ತೊಡೆಯ ಮೇಲೆ

ಆಸ್ಪತ್ರೆಯ ಕಡೆಯ ಬದಲಾವಣೆಗಳಲ್ಲಿ ಮೊದಲನೆಯದು ಚುಚ್ಚು ಕಡಿಮೆ ಮಾಡುವುದು. ಮೊದಲೇ ಕ್ಯಾನುಲಾ ಹಾಕಿ, ಸ್ಯಾಂಪಲ್ಲನ್ನು ಅದರಿಂದಲೇ ತೆಗೆದರೆ ಒಂದು ಚುಚ್ಚು ಉಳಿಯುತ್ತದೆ. ರಕ್ತನಿಧಿಯ ಟೆಕ್ನೀಶಿಯನ್ ಜೊತೆ ಮಾತಾಡಿ, ಮುಂಜಾನೆ ಒಂಬತ್ತಕ್ಕೆ ಸ್ಯಾಂಪಲ್ ಮುಟ್ಟಿಸಿದರೆ ಈ ಕೂಸಿನದನ್ನು ಮೊದಲು ಹೊಂದಿಸಿ ಕೊಡುವುದಾಗಿ ಒಪ್ಪಿಸಿದೆವು. ಎರಡು ಸಲ ಪ್ರಯತ್ನಿಸಿ ಸಿಗದಿದ್ದರೆ ನಾನು ನಿಲ್ಲಿಸಬೇಕು, ನನಗಿಂತ ಕೈ ಪಳಗಿದವರನ್ನು ಕರೆಯಬೇಕು. ಈ ನಿಯಮವನ್ನು ನನಗೆ ನಾನೇ ಹಾಕಿಕೊಂಡೆ. ಸಿಸ್ಟರ್‌ಗಳಿಗೆ ಇದು ಸುಲಭವಲ್ಲ. ಮೂರನೆಯದಕ್ಕೆ ಸಿಗುತ್ತದೆ ಎಂಬ ಹಟ ನಮ್ಮಲ್ಲೂ ಇರುತ್ತದೆ.

ಎರಡನೆಯದು ಮರಗಟ್ಟಿಸುವ ಮುಲಾಮು. ಲಿಗ್ನೋಕೇನ್ ಮತ್ತು ಪ್ರಿಲೋಕೇನ್ ಸೇರಿದ್ದು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಮುಚ್ಚಿ ಒಂದು ತಾಸು ಬಿಟ್ಟರೆ ಚರ್ಮದ ನೋವು ತಗ್ಗುತ್ತದೆ. ವಾರ್ಡಿನಲ್ಲಿ ಆ ಒಂದು ತಾಸೇ ಇಲ್ಲ ಎಂದು ಯಾರೂ ಬಳಸುತ್ತಿರಲಿಲ್ಲ. ಆದರೆ ಗುಳೇದಗುಡ್ಡದಿಂದ ಇಲ್ಲಿಗೆ ಬಂದು ಚೀಟಿ ಮಾಡಿಸುವಷ್ಟರಲ್ಲಿ ಒಂದು ತಾಸು ಹೇಗೂ ಆಗುತ್ತಿತ್ತು! ಪ್ರತಿ ಭೇಟಿಯ ಕೊನೆಗೆ ಮುಂದಿನ ಸಲಕ್ಕೆ ಯಾವ ನರ ಎಂದು ಎರಡು ಜಾಗ ತಾಯಿಗೆ ತೋರಿಸಿ ಕಳಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು, ವೈದ್ಯರು ಹೇಳಿದ ಅಳತೆಯಷ್ಟೇ ಮುಲಾಮು ಹಚ್ಚಿ, ಕೂಸು ಬಾಯಿಗೆ ಕಣ್ಣಿಗೆ ಮುಟ್ಟಿಸಿಕೊಳ್ಳದಂತೆ ಪಟ್ಟಿ ಮುಚ್ಚಿ ಬಸ್ ಹತ್ತುತ್ತಿದ್ದಳು. ಮೊದಲ ಸಲ ಒಂದು ತೊಡಕಾಯಿತು. ಮುಲಾಮು ಹಚ್ಚಿದ ಕಡೆ ಚರ್ಮ ಬೆಳ್ಳಗಾಗಿ ನರ ಅಡಗಿಬಿಟ್ಟಿತು, ನನಗೆ ಸಿಗಲೇ ಇಲ್ಲ. ಆಮೇಲೆ ತಿಳಿಯಿತು, ಒರೆಸಿ ತೆಗೆದು ಹತ್ತು ನಿಮಿಷ ಬಿಟ್ಟು, ಬೆಚ್ಚನೆ ಬಟ್ಟೆ ಸುತ್ತಿದರೆ ನರ ಮತ್ತೆ ಮೇಲೆ ಬರುತ್ತದೆ.

ನೋವು ತಗ್ಗಿದ್ದಷ್ಟೇ ಆಗಿದ್ದರೆ ಈ ಮುಲಾಮಿನ ಬಗ್ಗೆ ಇಷ್ಟು ಬರೆಯುತ್ತಿರಲಿಲ್ಲ. ಹಚ್ಚುವ ಕೈ ತಾಯಿಯದು. ಇಷ್ಟು ದಿನ ಅಮುಕುತ್ತಿದ್ದ ಕೈ ಈಗ ನೋವು ತಗ್ಗಿಸುವ ಕೈ ಆಯಿತು. ಕೂಸು ಅದನ್ನು ನಾವು ಎಣಿಸಿದ್ದಕ್ಕಿಂತ ಬೇಗ ಗುರುತಿಸಿತು. ಮೂರನೆಯ ತಿಂಗಳಿಗೆ ತಾನೇ ಮುಂಗೈ ಚಾಚಿ "ಯವ್ವಾ, ಬೆಣ್ಣಿ ಹಚ್ಚ" ಎನ್ನತೊಡಗಿತ್ತು.

ಟೇಬಲ್ ಬಿಟ್ಟೆವು. ತಾಯಿ ಕುರ್ಚಿಯ ಮೇಲೆ, ಕೂಸು ತಾಯಿಯ ಎದೆಗೆ ಎದೆ ಕೊಟ್ಟು ತೊಡೆಯ ಮೇಲೆ, ಕಾಲು ಸೊಂಟದ ಎರಡೂ ಕಡೆ. ಒಂದು ಕೈ ಅವ್ವನ ಬೆನ್ನ ಸುತ್ತ, ಇನ್ನೊಂದು ಕೈ ಕಂಕುಳ ಕೆಳಗಿಂದ ಹಿಂದೆ ನನ್ನ ಕಡೆ. ತಾಯಿ ಅಪ್ಪಿಕೊಂಡಿರುತ್ತಾಳೆ, ಆ ಅಪ್ಪುಗೆಯಲ್ಲೇ ಕೂಸು ಅಲುಗದೆ ಇರುತ್ತದೆ. ವಾರ್ಡಿನ ಹಿರಿಯರೊಬ್ಬರು "ಇಷ್ಟಕ್ಕೆಲ್ಲ ಟೈಮ್ ಎಲ್ಲೈತಿ?" ಎಂದರು. ನಾನು ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ನಿಮಿಷ ಬರೆಯತೊಡಗಿದೆ. ಮೊದಲ ಎರಡು ಭೇಟಿ ಇಪ್ಪತ್ತೈದು ನಿಮಿಷದ ಮೇಲೆ ಹೋದವು. ಐದನೆಯದು ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಆ ಹಿರಿಯರು ನೋಟ್‌ಬುಕ್ ನೋಡಿದರು, ಏನೂ ಅನ್ನಲಿಲ್ಲ. ಮುಂದಿನ ವಾರ ಇನ್ನೊಂದು ಮಗುವಿಗೆ ತಾವೇ ಕುರ್ಚಿ ಎಳೆದರು.

ಮಾತಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. "ಏನೂ ಆಗಂಗಿಲ್ಲ", "ಹೆದರಬ್ಯಾಡ", "ತಪ್ಪಾತವ್ವಾ, ಪಾಪ" ಇವು ಪ್ರತಿ ತಾಯಿಯ ಬಾಯಲ್ಲಿ ಬರುವ ಮಾತು. ಮಕ್ಕಳ ನೋವಿನ ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞರು ಗಮನಿಸಿದ್ದು ಏನೆಂದರೆ, ಇಂಥ ಮಾತು ಹೆಚ್ಚಾದಷ್ಟೂ ಮಗುವಿನ ಸಂಕಟವೂ ಹೆಚ್ಚುವುದೇ ಸಾಮಾನ್ಯ. ಅವ್ವನೇ ಗಾಬರಿಯಾಗಿದ್ದಾಳೆ ಎಂದರೆ ಏನೋ ದೊಡ್ಡದೇ ಇದೆ ಎಂದು ಮಗು ಅರ್ಥ ಮಾಡಿಕೊಳ್ಳುತ್ತದೆ. ಅದರ ಬದಲು ಆಗುವುದನ್ನು ಆಗುವಂತೆಯೇ ಹೇಳುವುದು: "ಈಗ ತಂಪ ಹತ್ತತೈತಿ. ಈಗ ರಬ್ಬರ್ ಕಟ್ಟತಾರ, ಬಿಗಿ ಆಗತೈತಿ. ಈಗ ಚುರ್ ಅಂತೈತಿ, ಊದು." ಊದುವುದಕ್ಕೆ ಸಾಬೂನು ಗುಳ್ಳೆಯ ಡಬ್ಬಿ ತಂದಿಟ್ಟೆವು. ಉಸಿರು ಉದ್ದ ಬಿಟ್ಟಾಗ ಮೈ ಸಡಿಲಾಗುತ್ತದೆ. ಅಳಬೇಡ ಎನ್ನುವುದನ್ನು ಪೂರ್ತಿ ಬಿಟ್ಟೆವು. ಕೂಸಿಗೆ ಹೇಳಿದ್ದು ಒಂದೇ ನಿಯಮ: ಅಳಬಹುದು, ಚೀರಬಹುದು, ಕೈ ಮಾತ್ರ ಅಲುಗಿಸಬಾರದು. ಇಷ್ಟು ಚಿಕ್ಕ ಮಗುವಿಗೆ ಶೂರಳಾಗು ಎನ್ನುವುದು ನನಗೆ ಕ್ರೂರ ಅನ್ನಿಸುತ್ತದೆ. ನೋವಾದಾಗ ಅಳುವ ಹಕ್ಕನ್ನೂ ಕಸಿದುಕೊಂಡರೆ ಅದರ ಹತ್ತಿರ ಇನ್ನೇನು ಉಳಿಯಿತು?

ಮೊಬೈಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾರ್ಟೂನ್ ತೋರಿಸಿದರೆ ಮನಸ್ಸು ಬೇರೆ ಕಡೆ ಹೋಗುವುದು ನಿಜ. ಒಮ್ಮೆ ಕೂಸು ಕಾರ್ಟೂನಿನಲ್ಲಿ ಮುಳುಗಿದ್ದಾಗ, ಒಳ್ಳೆಯ ಸಮಯ ಎಂದು ಹೇಳದೆಯೇ ಚುಚ್ಚಿಬಿಟ್ಟೆ. ಒಂದೇ ಚುಚ್ಚಿಗೆ ಸಿಕ್ಕಿತು. ಆದರೆ ಮುಂದಿನ ಎರಡು ಭೇಟಿ ಆ ಮೊಬೈಲ್ ಕಂಡರೆ ಸಾಕು ಕೂಸು ಚೀರುತ್ತಿತ್ತು. ಕಳ್ಳತನದಿಂದ ಚುಚ್ಚಿದರೆ ಗೆದ್ದ ಹಾಗೆ ಕಾಣುತ್ತದೆ, ಕಟ್ಟಿದ್ದ ನಂಬಿಕೆ ಬಿದ್ದುಹೋಗಿರುತ್ತದೆ. ಈಗ ಕೂಸನ್ನೇ ಕೇಳುತ್ತೇವೆ: ನೋಡತೀಯೋ, ಆ ಕಡೆ ತಿರುಗತೀಯೋ? ಬಹಳ ಸಲ ಕೂಸು ‘ನೋಡುತ್ತೇನೆ’ ಎನ್ನುತ್ತದೆ.

ಗೊಂಬೆ

ಚೀಲದ ಜೊತೆ ಅಜ್ಜಿ ಖಣದ ಚೂರಿನಿಂದ ಒಂದು ಗೊಂಬೆಯನ್ನೂ ಹೊಲಿದಿದ್ದಳು, ಆನಿ ಹೆಜ್ಜಿಯ ವಿನ್ಯಾಸದ ಖಣ. ಸೂಜಿ ಇಲ್ಲದ ಸಿರಿಂಜ್, ಹತ್ತಿ, ಒಂದಿಷ್ಟು ಪಟ್ಟಿ ನಾನು ಕೊಟ್ಟೆ. ಮೊದಲ ದಿನ ಕೂಸು ಆ ಗೊಂಬೆಗೆ ಮಾಡಿದ್ದನ್ನು ಇವತ್ತಿಗೂ ಮರೆತಿಲ್ಲ. ನೆಲಕ್ಕೆ ಒತ್ತಿ ಹಿಡಿದು, "ಉಣಂಗಿಲ್ಲ? ಹಟಾ ಮಾಡತಿ? ತಗೋ" ಎಂದು ಹತ್ತಿಪ್ಪತ್ತು ಸಲ ಚುಚ್ಚಿತು. ತಾಯಿ ತಡೆಯಲು ಹೋದಳು, ನಾನು ಬೇಡ ಎಂದೆ. ಒಳಗಿದ್ದದ್ದು ಹೊರಗೆ ಬರುತ್ತಿತ್ತು. ನಾಲ್ಕು ತಿಂಗಳ ಮೇಲೆ ಅದೇ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿತ್ತು: "ತಂಪ ಹತ್ತತೈತಿ ನೋಡ. ಈಗ ಚುರ್. ಊದವ್ವಾ." ಯಾರೂ ಹೇಳಿಕೊಟ್ಟಿರಲಿಲ್ಲ.

ಹಿಂದೆ ಬಿದ್ದದ್ದು

ಒಂದು ಮೇ ತಿಂಗಳು. ಕಾಲೇಜುಗಳಿಗೆ ರಜೆ, ರಕ್ತ ಕೊಡುವವರು ಕಡಿಮೆ, ಬೇಸಿಗೆಯಲ್ಲಿ ರಕ್ತನಿಧಿಗೆ ಸದಾ ಬರುವ ಕಷ್ಟ. ಮುಂಜಾನೆ ಒಂಬತ್ತಕ್ಕೆ ಕ್ಯಾನುಲಾ ಹಾಕಿದೆ, "ಇವತ್ತ ಒಂದ ಚುಚ್ಚು" ಎಂದು ಮಾತು ಕೊಟ್ಟೆ. ರಕ್ತ ಬಂದದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ಕ್ಯಾನುಲಾ ಕಟ್ಟಿಕೊಂಡಿತ್ತು. ಮತ್ತೆ ಚುಚ್ಚಬೇಕು ಎಂದಾಗ ಕೂಸು ಅಳಲಿಲ್ಲ. "ಒಂದ ಅಂದಿದ್ರೆಲ್ಲ?" ಎಂದಷ್ಟೇ ಕೇಳಿತು. ಅವತ್ತಿನಿಂದ ನಾನು ಎಣಿಕೆಯ ಮಾತು ಕೊಡುವುದಿಲ್ಲ. "ಒಂದ ಸಲ ನೋಡತೀನಿ. ಸಿಗಲಿಲ್ಲಂದ್ರ ನಿನಗ ಹೇಳಿ ಇನ್ನೊಂದ ಸಲ ನೋಡತೀನಿ" ಎನ್ನುತ್ತೇನೆ. ತಾಯಂದಿರೂ ಇದನ್ನು ನೆನಪಿಡಬೇಕು. ನಮ್ಮ ಕೈಯಲ್ಲಿಲ್ಲದ್ದಕ್ಕೆ ಮಗುವಿಗೆ ಮಾತು ಕೊಡಬಾರದು.

ಇನ್ನೊಂದು ದೊಡ್ಡ ಪೆಟ್ಟು ಮೂರೂವರೆ ವರ್ಷದಲ್ಲಿ ಬಿತ್ತು. ರಾತ್ರಿ ಜ್ವರ ಏರಿ, ಊರಿಗೆ ಸಮೀಪದ ಬೇರೊಂದು ಆಸ್ಪತ್ರೆಗೆ ಹೋದರು. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದು ತಾಯಿ ಕೇಳಿಕೊಂಡಳು, ಅಲ್ಲಿಯವರು ಒಪ್ಪಲಿಲ್ಲ. ಮತ್ತೆ ಚಾದರ, ಮತ್ತೆ ನಾಲ್ಕು ಜನ. ಮುಂದಿನ ಭೇಟಿಗೆ ನಮ್ಮ ಬಾಗಿಲಲ್ಲೇ ಕೂಸು ಮೈ ಬಿಗಿದು ನಿಂತಿತು, ಕಾಲು ಕಿತ್ತಿಡಲಿಲ್ಲ. ಆರು ತಿಂಗಳ ಕೆಲಸ ಒಂದು ರಾತ್ರಿಗೆ ಹೋಯಿತು ಎಂದು ತಾಯಿ ಅತ್ತಳು. ಪೂರ್ತ ಹೋಗಿರಲಿಲ್ಲ. ಎರಡು ಭೇಟಿಯಲ್ಲಿ ಕೂಸು ಮತ್ತೆ ಕುರ್ಚಿಗೆ ಬಂತು. ಆ ರಾತ್ರಿಯ ಬಗ್ಗೆ ತಾಯಿ ಅದಕ್ಕೆ ಏನು ಹೇಳಿದಳೋ ಅದು ಕೆಲಸ ಮಾಡಿತು ಎಂದು ನನ್ನ ನಂಬಿಕೆ: "ಅವತ್ತ ಅವರು ಹಂಗ ಹಿಡದದ್ದು ನನಗೂ ಸೇರಲಿಲ್ಲ. ನಾ ಬ್ಯಾಡಂದೆ, ಅವರು ಕೇಳಲಿಲ್ಲ. ನಾ ಅಲ್ಲೇ ಇದ್ದೆ."

ತಾಯಿಯ ಪಾಲು

ಎರಡನೆಯ ವರ್ಷ ಕೂಸಿಗೆ ಕಬ್ಬಿಣ ಇಳಿಸುವ ಔಷಧಿ ಶುರುವಾಯಿತು. ಹಾಕುವ ಪ್ರತಿ ಮಿಲಿಲೀಟರ್ ಕೆಂಪುಕಣದಲ್ಲಿ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಹೃದಯ, ಯಕೃತ್ತಿನಲ್ಲಿ ಕೂತುಬಿಡುತ್ತದೆ. ಹತ್ತಿಪ್ಪತ್ತು ಸಲ ರಕ್ತ ಹಾಕಿಯಾದ ಮೇಲೆ, ಮೈಯಲ್ಲಿ ಕೂಡಿದ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ 1000 ದಾಟಿದಾಗ ಈ ಔಷಧಿ ಬೇಕಾಗುತ್ತದೆ. ಡೆಫೆರಾಸಿರಾಕ್ಸ್ ಮಾತ್ರೆಯನ್ನು ನೀರಿನಲ್ಲಿ ಕದಡಿ, ಬರಿಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ತಾಸು ಮೊದಲು ಕುಡಿಸುವ ಕೆಲಸವನ್ನು ತಂದೆ ವಹಿಸಿಕೊಂಡ. ಸೂಜಿ ನೋಡಲಾರದವನಿಗೆ ಇದು ಒದಗಿಬಂತು, ಒಂದು ದಿನವೂ ತಪ್ಪಿಸಿಲ್ಲ. ಬೆಲ್ಲ, ನುಗ್ಗೆಸೊಪ್ಪು, ಬೀಟ್‌ರೂಟ್ ತಿನ್ನಿಸಿ ರಕ್ತ ಬರುತ್ತದೆ ಎಂದು ಹೇಳುವವರಿಗೆ ಅಜ್ಜಿಯೇ ಈಗ ಉತ್ತರ ಕೊಡುತ್ತಾಳೆ.

ಆ ಅಜ್ಜಿಯ ಮನಸ್ಸಿನಲ್ಲಿ ಇನ್ನೊಂದು ಭಾರ ಇತ್ತು. "ಲಗ್ನಾ ಮಾಡಿದಾಕಿ ನಾನ. ಮಗಾನೂ ನನ್ನಂವ, ಮೊಮ್ಮಗಳೂ ನನ್ನಾಕಿ. ಈ ಕೂಸಿಗೆ ಚುಚ್ಚಿದ್ದೆಲ್ಲ ನಾ ಚುಚ್ಚಿದಂಗ" ಎಂದು ಒಂದು ದಿನ ಅಂದಳು. ಕಾಣದ ಗುಣ ಇಬ್ಬರ ರಕ್ತದಲ್ಲೂ ಇರುವುದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ ಎಂದು ವೈದ್ಯರು ಕೂರಿಸಿಕೊಂಡು ವಿವರಿಸಿದರು. ಆಕೆ ಒಪ್ಪಿದಂತೆ ಕಾಣಲಿಲ್ಲ. ಆದರೆ ಮನೆತನದಲ್ಲಿ ಲಗ್ನಕ್ಕೆ ಬಂದಿದ್ದ ಇಬ್ಬರು ಹುಡುಗರನ್ನು ತಾನೇ ಕರೆತಂದು ಎಚ್‌ಪಿಎಲ್‌ಸಿ ಮಾಡಿಸಿದಳು. ಅವರಲ್ಲಿ ಒಬ್ಬ ವಾಹಕ. ಅವನ ಹೆಂಡತಿಯಾಗುವವಳಿಗೂ ಪರೀಕ್ಷೆ ಆಗದೆ ಮಾತುಕತೆ ಮುಂದೆ ಹೋಗಬಾರದು ಎಂದು ಪಟ್ಟು ಹಿಡಿದಿದ್ದಾಳೆ.

ತಾಯಿಯ ಬಗ್ಗೆ ನಾನು ಬಹಳ ದಿನ ಯೋಚಿಸಲೇ ಇಲ್ಲ. ಎಲ್ಲರ ಕಣ್ಣೂ ಕೂಸಿನ ಮೇಲೆ. ರಕ್ತದ ದಿನ ಅವಳು ಬೆಳಗಿನಿಂದ ಏನೂ ತಿಂದಿರುತ್ತಿರಲಿಲ್ಲ. ಅದನ್ನು ಒಂದು ವರ್ಷದ ಮೇಲೆ ಗಮನಿಸಿದೆ. ಈಗ ರಕ್ತ ಹಚ್ಚಿ, ಮೊದಲ ಹದಿನೈದು ನಿಮಿಷ ನಿಧಾನಕ್ಕೆ ಬಿಟ್ಟು, ನಡುಕ, ದದ್ದು ಏನೂ ಇಲ್ಲವೆಂದು ಖಚಿತವಾದ ಮೇಲೆ ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು ಅವಳನ್ನು ಹೊರಗೆ ಕಳಿಸುತ್ತೇನೆ. ಚಹಾ ಕುಡಿದು, ಚುರುಮರಿ ತಿಂದು, ಅರ್ಧ ತಾಸು ಬಿಸಿಲಲ್ಲಿ ಕೂತು ಬರುತ್ತಾಳೆ. ಹೋಗುವಾಗ ಕೂಸಿಗೆ ಹೇಳಿಯೇ ಹೋಗುತ್ತಾಳೆ.

ಕಳೆದ ಭೇಟಿ

ಕೂಸಿಗೆ ಈಗ ಐದು ವರ್ಷ. ರಕ್ತ ಹಾಕಿಸಿಕೊಂಡದ್ದು ಅರವತ್ತರ ಹತ್ತಿರ ಬಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ ಸೇರಿರುವುದರಿಂದ ಕಾರ್ಡಿಗೆ ಅರ್ಜಿ ಹಾಕಿದ್ದಾರೆ. ಸಾಲಿಗೆ ಹೋಗುತ್ತದೆ. ಸಾಲಿಯ ಬಾಯಾರಿಗೂ, ಅಂದರೆ ಟೀಚರಿಗೂ, ಸೂಜಿಯ ಹೆಸರು ಹೇಳಿ ಹೆದರಿಸಬಾರದೆಂದು ತಾಯಿ ತಿಳಿಸಿ ಬಂದಿದ್ದಾಳೆ. ಎಲ್ಲ ಭೇಟಿಯೂ ಸಲೀಸಾಗಿ ಆಗುತ್ತದೆ ಎಂದು ನಾನು ಬರೆಯಲಾರೆ. ದೀಪಾವಳಿಯ ಹಿಂದಿನ ಭೇಟಿಯಲ್ಲಿ ನಾನು ಎರಡು ಸಲ ಚುಚ್ಚಿ ಸಿಗದೆ, ಬೇರೊಬ್ಬ ಸಿಸ್ಟರ್ ಬಂದು ಹಾಕಿದರು. ಕೂಸು ಇಡೀ ವಾರ್ಡಿಗೆ ಕೇಳುವಂತೆ ಅತ್ತಿತು. ಕೈ ಅಲುಗಿಸಲಿಲ್ಲ. ಮುಗಿದ ಮೇಲೆ ತಾಯಿಯ ಕೊರಳಿಗೆ ಜೋತುಬಿದ್ದಿತು.

ಕಳೆದ ವಾರ ಬಂದಿದ್ದಾಗ ಕುರ್ಚಿಯ ಮೇಲೆ, ಅವ್ವನ ತೊಡೆಯ ಮೇಲೆ ಕೂತು ಕೂಸು ಕೇಳಿತು: "ಯವ್ವಾ, ಇನ್ನ ಎಷ್ಟ ಸಲ ಐತಿ?"

ನನ್ನ ಕೈ ನಿಂತಿತು. ಎರಡು ವರ್ಷದ ಹಿಂದೆ ಆಗಿದ್ದರೆ ನಾನೇ ನಡುವೆ ಬಾಯಿ ಹಾಕಿ ಏನಾದರೂ ಒಂದು ಹೇಳಿ ತೇಲಿಸುತ್ತಿದ್ದೆ.

"ಭಾಳ ಸಲ ಐತಿ. ಎಷ್ಟಂತ ನನಗೂ ಗೊತ್ತಿಲ್ಲ" ಅಂದಳು ತಾಯಿ.

"ಇವತ್ತ?"

"ಇವತ್ತಿಂದು ಇದ."

ಕೂಸು ಸ್ವಲ್ಪ ಹೊತ್ತು ಸುಮ್ಮನೆ ಕೂತು ಎಡಗೈ ಕೊಟ್ಟಿತು. ಬಲಗೈ ಬೇಡವಂತೆ, ಚೀಲದಲ್ಲಿ ಹೊಸ ಬಣ್ಣದ ಪೆನ್ಸಿಲ್ ಇವೆ.